ಬೂತಪ್ಪನ ಹೆಸರಿನ ದೀಪ

ಹರಿಹರಪುರ
9 ಫೆಬ್ರವರಿ 2025

ಪ್ರೀತಿಯ ಗಂಗಾಧರನಿಗೆ,

ಅಮ್ಮನ ಹದಿಮೂರನೆಯ ದಿನದ ಊಟ ಮುಗಿಸಿ ಶೃಂಗೇರಿಯ ಬಸ್ಸು ಹತ್ತಿದವನು ನೀನು, ಆಮೇಲೆ ನಿನ್ನ ಸುದ್ದಿಯೇ ಇಲ್ಲ. ಫೋನು ಮಾಡಿದರೆ ಅನ್ನಪೂರ್ಣೇಶ್ವರಿ ಎತ್ತಿಕೊಂಡು, "ಅವರಿಗೆ ಫೋನಲ್ಲಿ ಎಂತದೂ ಕೇಳ್ಸಲ್ಲ ಅತ್ತಿಗೆ, ಕಿವಿಗೆ ಮಿಷನ್ ಹಾಕ್ಕೊಂಡ್ರೂ ಗುಂಯ್ ಅಂತದಂತೆ" ಅಂದಳು. ಹಾಗಾಗಿ ಈ ಕಾಗದ. ಪೋಸ್ಟಾಫೀಸಿನಲ್ಲಿ ಕೂತು ಮೂವತ್ತೊಂದು ವರ್ಷ ಊರವರ ಕಾಗದಗಳಿಗೆ ಮುದ್ರೆ ಒತ್ತಿದ್ದೇನೆ. ನನ್ನದೇ ಒಂದನ್ನು ಬರೆದು ಎಷ್ಟು ಕಾಲವಾಯಿತೋ.

ಕೊಪ್ಪದ ವಕೀಲರು ಕರೆದಿದ್ದರು. ಅಮ್ಮ ಆರು ವರ್ಷದ ಹಿಂದೆಯೇ ವಿಲ್ ಮಾಡಿ ರಿಜಿಸ್ಟರ್ ಮಾಡಿಸಿದ್ದಾಳೆ. ನನಗೆ ಗೊತ್ತಿರಲಿಲ್ಲ, ನಿನಗೆ ಗೊತ್ತಿತ್ತೋ ಏನೋ. ಕಡಹಿನಬೈಲಿನ ಮನೆ, ತೋಟ ನಮ್ಮಿಬ್ಬರಿಗೆ ಸಮ. ಆದರೆ ಅವಳ ತವರಿನಿಂದ ಬಂದ ಅಲ್ಲಿಯದೇ ಎರಡೆಕರೆ ಗದ್ದೆ ಇದೆಯಲ್ಲ, ಗುಡಿಯ ಪಕ್ಕದ್ದು, ಅದರ ಮಾತು ಬೇರೆ ಇದೆ. ನಾವಿಬ್ಬರೂ ಸೇರಿ ಅದನ್ನು ಮಾರಬೇಕು. ಬಂದದ್ದನ್ನು ಗುಡಿಯ ಹೆಸರಿನಲ್ಲಿ ಶಾಶ್ವತ ದತ್ತಿಯಾಗಿ ಇಡಬೇಕು. ಅದರ ಬಡ್ಡಿಯಲ್ಲಿ ಒಂದು ನಂದಾದೀಪ ಸೂರ್ಯಚಂದ್ರರಿರುವ ತನಕ ಪ್ರತಿದಿನ ಉರಿಯಬೇಕು.

ಯಾರ ಹೆಸರಿನಲ್ಲಿ ಗೊತ್ತಾ? ಅಪ್ಪಯ್ಯನ ಹೆಸರಿನಲ್ಲಲ್ಲ. ಬೂತಪ್ಪನ ಹೆಸರಿನಲ್ಲಿ.

ನಾನು ವಕೀಲರನ್ನು ಎರಡು ಸಲ ಕೇಳಿದೆ. ಹೌದು, ನಮ್ಮ ತೋಟದಲ್ಲಿ ಅಡಿಕೆ ಮರ ಹತ್ತಿ ಗೊನೆ ಇಳಿಸುತ್ತಿದ್ದ, ಮಳೆಗಾಲದಲ್ಲಿ ಔಷಧಿ ಹೊಡೆಯುತ್ತಿದ್ದ ಬೂತಪ್ಪನೇ. 1979ರಲ್ಲಿ ಮರದಿಂದ ಬಿದ್ದು ಸತ್ತ. ಕುಡಿದು ಹತ್ತಿದ್ದ, ನಾವೇನು ಮಾಡುವುದು ಎಂದು ಅಪ್ಪಯ್ಯ ಹೇಳುತ್ತಿದ್ದದ್ದು ನನಗೆ ನೆನಪಿದೆ. ನಾನಾಗ ಮದುವೆಯಾಗಿ ಇಲ್ಲಿಗೆ ಬಂದು ಎರಡು ವರ್ಷ, ಬಸುರಿ ಬೇರೆ. ಸಾವಿನ ಸುದ್ದಿ ತಿಳಿದರೆ ಹೆದರಿಯಾಳೆಂದು ತಿಂಗಳು ಕಳೆದ ಮೇಲೆ ಹೇಳಿದ್ದರು.

ಗಂಡನ ಹೆಸರಿಗೆ ಒಂದು ಹನಿ ಎಣ್ಣೆ ಬರೆಯದವಳು ಕೂಲಿಯಾಳಿಗೆ ನಂದಾದೀಪ ಬರೆದಿದ್ದಾಳೆ. ಯಾಕೆ? ನೀನು ಆಗ ಮನೆಯಲ್ಲಿದ್ದವನು. ನಿನಗೆ ಏನಾದರೂ ಗೊತ್ತಾ?

ಹಲ್ಲುನೋವು ಕಡಿಮೆಯಾಯಿತಾ? ಬಿಸಿ ಬಿಸಿ ಕುಡಿಯಬೇಡ.

ನಿನ್ನ ಅಕ್ಕ,
ಮಾಲತಿ

---

ಶೃಂಗೇರಿ
20 ಫೆಬ್ರವರಿ 2025

ಅಕ್ಕನಿಗೆ ನಮಸ್ಕಾರ.

ಕಾಗದ ತಲುಪಿತು. ಹಲ್ಲು ಕೀಳಿಸಿದೆ.

ವಿಲ್‌ನ ವಿಷಯ ನನಗೂ ಹೊಸದು. ಆದರೆ ಅದರಲ್ಲಿ ಆಶ್ಚರ್ಯಪಡುವಂಥದ್ದು ನನಗೇನೂ ಕಾಣುವುದಿಲ್ಲ. ಕೊನೆಗಾಲದಲ್ಲಿ ಅಮ್ಮನ ಮನಸ್ಸು ಮೆತ್ತಗಾಗಿತ್ತು. ನಮ್ಮ ಜಮೀನಿನಲ್ಲಿ ಸತ್ತವನು, ಅವನಿಗೊಂದು ದೀಪ ಇರಲಿ ಎಂದುಕೊಂಡಿರಬಹುದು. ಕಾರಣ ಕೇಳುವುದು ಮಕ್ಕಳ ಕೆಲಸವಲ್ಲ, ನಡೆಸಿಕೊಡುವುದಷ್ಟೇ ನಮ್ಮದು.

ನಮ್ಮ ಶಾಸನಗಳ ತುಂಬ ಇಂಥವೇ ಇವೆ. ಇಷ್ಟು ಗದ್ದೆ ಬಿಟ್ಟೆವು, ಇಂಥವರ ಹೆಸರಿನಲ್ಲಿ ದೀಪ ಉರಿಯಲಿ, ತಪ್ಪಿದವರಿಗೆ ಇಂಥ ನರಕ ಎಂದು. ಬರೀ ನಮ್ಮಲ್ಲಿ ಅಲ್ಲ. ಕಾಲೇಜಿನಲ್ಲಿ ನಾನು ಪ್ರತಿ ವರ್ಷ ಒಂದು ಪಾಠ ಮಾಡುತ್ತಿದ್ದೆ. ಐನೂರು, ಆರುನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಜಮೀನುದಾರರು ಸಾಯುವ ಮುಂಚೆ ಒಂದು ಹೊಲವನ್ನೋ ಹುಲ್ಲುಗಾವಲನ್ನೋ ಇದಕ್ಕೆಂದೇ ತೆಗೆದಿಡುತ್ತಿದ್ದರು. ಅದನ್ನು ಮಾರಿಯೋ ಅದರ ಆದಾಯದಿಂದಲೋ ಒಬ್ಬ ಪಾದ್ರಿಯನ್ನು ನೇಮಿಸಬೇಕು, ಅವನು ಸತ್ತವರ ಆತ್ಮಕ್ಕಾಗಿ ದಿನವೂ ಪ್ರಾರ್ಥಿಸಬೇಕು, ಲೋಕ ಇರುವವರೆಗೆ. ಏನು ತಪ್ಪು ಮಾಡಿದ್ದೆವೆಂದು ಅವರಲ್ಲಿ ಹೆಚ್ಚಿನವರು ಬರೆಯುತ್ತಿರಲಿಲ್ಲ. ದತ್ತಿ ಇಟ್ಟರೆ ಸಾಕಾಗುತ್ತಿತ್ತು. ಕೊನೆಗೆ ಒಂದು ಕಾನೂನು ಬಂದು ಅಂಥ ದತ್ತಿಗಳೆಲ್ಲ ರಾಜನ ಬೊಕ್ಕಸ ಸೇರಿದವು, ಅದು ಬೇರೆ ಮಾತು.

ಗುಡಿ ಸಮಿತಿಯ ಷಡಕ್ಷರಿ ಮೊನ್ನೆ ಬಂದಿದ್ದರು. ಅವರಿಗೆ ವಿಲ್‌ನ ಸುದ್ದಿ ಆಗಲೇ ತಲುಪಿದೆ. ವಿಘ್ನೇಶ ಎಂಬೊಬ್ಬರು ಹೋಂಸ್ಟೇ ಕಟ್ಟಲು ಜಾಗ ನೋಡುತ್ತಿದ್ದಾರಂತೆ, ಒಳ್ಳೆಯ ಬೆಲೆಗೇ ಕೊಳ್ಳುತ್ತಾರಂತೆ. ಮಾರ್ಚಿನಲ್ಲಿ ಕರಾರು ಮಾಡಿಬಿಡೋಣ. ನೀನು ಬಂದು ಸಹಿ ಹಾಕಿದರೆ ಸಾಕು, ಮಿಕ್ಕಿದ್ದನ್ನು ನಾನು ನೋಡಿಕೊಳ್ಳುತ್ತೇನೆ.

ಬೂತಪ್ಪನ ಹೆಂಡತಿಗೆ ಹೇಳುವ ಅಗತ್ಯ ಇಲ್ಲ. ವಯಸ್ಸಾಗಿದೆ, ಹಳೆಯದೆಲ್ಲ ನೆನಪಾಗಿ ಸಂಕಟಪಡುತ್ತಾಳೆ.

ತಮ್ಮ,
ಗಂಗಾಧರ

---

ಹರಿಹರಪುರ
16 ಮಾರ್ಚ್ 2025

ಗಂಗಾಧರ,

ಹೇಳುವುದು ಬೇಡ ಎಂದು ನೀನು ಬರೆದ ಮೇಲೆಯೇ ಭೈರಮ್ಮನನ್ನು ನೋಡಿ ಬರಬೇಕು ಅನ್ನಿಸಿತು. ಗಂಡ ಸತ್ತ ಮೇಲೆ ಅವಳು ಕಡಹಿನಬೈಲು ಬಿಟ್ಟು ತವರೂರು ನಾರ್ವೆಗೆ ಹೋದವಳು ಇವತ್ತಿಗೂ ಅಲ್ಲೇ ಇದ್ದಾಳೆ. ಎಪ್ಪತ್ತು ದಾಟಿದರೂ ಕೆಲಸಕ್ಕೆ ಹೋಗುವುದನ್ನು ಬಿಟ್ಟಿಲ್ಲ. ನಾನು ಹೋದಾಗ ಅಂಗಳದಲ್ಲಿ ಚಾಪೆ ಹಾಸಿಕೊಂಡು ಯಾರದೋ ತೋಟದ ಕಾಳುಮೆಣಸು ಬಿಡಿಸುತ್ತಿದ್ದಳು. ಮಗ ಸುಂದರೇಶ್ ಕೊಪ್ಪದ ಹತ್ತಿರ ಕಾಫಿ ಎಸ್ಟೇಟಿನಲ್ಲಿ ಕೂಲಿ. ಮೊಮ್ಮಗಳು ದೀಪಶ್ರೀ ಪಿಯುಸಿ ಓದುತ್ತಿದ್ದಾಳೆ, ಟೀ ಮಾಡಿಕೊಟ್ಟಳು.

ಅಮ್ಮ ಹೀಗೆ ಬರೆದಿದ್ದಾಳೆ ಅಂದೆ. ಖುಷಿಪಡುತ್ತಾಳೆ ಎಂದುಕೊಂಡಿದ್ದೆ, ಸುಳ್ಳು ಹೇಳುವುದಿಲ್ಲ.

"ದೀಪವಾ? ದಿನಾ?" ಅಂದಳು.

"ದಿನಾ. ಯಾವತ್ತಿಗೂ."

"ಅವ್ರ ಹೆಸ್ರಲ್ಲಾ?"

"ಹೌದು."

"ಬೇಡಮ್ಮ."

ಯಾಕೆ ಎಂದು ಕೇಳಿದೆ. ಕೈಯಲ್ಲಿದ್ದ ಮೆಣಸಿನ ಗೊಂಚಲನ್ನು ಪೂರ್ತಿ ಬಿಡಿಸಿ ಮುಗಿಸಿದ ಮೇಲೆ ಅವಳು ಹೇಳಿದ್ದು ಇದು. "ಈಗ ಜನ ಮರ್ತಿದ್ದಾರೆ. ದಿನಾ ಹಚ್ಚಿದ್ರೆ ದಿನಾ ನೆನಪಾಗ್ತದೆ. ಕುಡ್ಕ ಬೂತನ ದೀಪ ಅಂತಾರೆ. ನಂಗೆ ಊರು ಗೊತ್ತಿಲ್ವಾ? ನಮ್ ಸುಂದ್ರನ್ನ ಶಾಲೇಲಿ ಬಾಟ್ಲಿ ಅಂತ ಕರೀತಿದ್ರು. ಏಳ್ನೇ ಕ್ಲಾಸಿಗೆ ಬಿಟ್ಟ. ಇನ್ನು ಮೊಮ್ಮಗ್ಳಿಗೂ ಅಂಟ್ಸೋದಾ?"

ಟೀ ಆರಿಹೋಯಿತು. ಕೊನೆಗೆ, "ಬೂತಪ್ಪ ಕುಡೀತಿದ್ನಾ ಭೈರಮ್ಮ?" ಎಂದು ಕೇಳಿದೆ.

"ಅವ್ರಪ್ಪ ಕುಡಿದೇ ಸತ್ತದ್ದು. ಅದ್ನ ನೋಡಿ, ಮದ್ವೆಗೆ ಮುಂಚೆ ದೇವ್ರ ಮುಂದೆ ಆಣೆ ಹಾಕಿದ್ರು, ಮುಟ್ಟಲ್ಲ ಅಂತ."

"ಮತ್ತೆ ಆ ದಿನ?"

"ಆ ದಿನದ್ದು ನಿಮ್ಮ ತಮ್ಮನ್ನ ಕೇಳಿ. ಸಣ್ಣಯ್ಯ ಹತ್ರಾನೇ ಇದ್ರಲ್ಲ."

ಅವಳು ಕೋಪದಿಂದ ಹೇಳಲಿಲ್ಲ ಮಾರಾಯ. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ ಹೇಗೆ ಹೇಳುತ್ತಾರೋ ಹಾಗೆ ಹೇಳಿದಳು.

ನಿನ್ನ ಕಾಗದವನ್ನು ಮತ್ತೆ ತೆಗೆದು ನೋಡಿದೆ. ಇಂಗ್ಲೆಂಡಿನವರು ತಮ್ಮ ತಪ್ಪು ಏನೆಂದು ಬರೆಯುತ್ತಿರಲಿಲ್ಲ ಎಂದಿದ್ದೀಯ. ಅಮ್ಮ ತಪ್ಪು ಮಾಡಿದ್ದಾಳೆಂದು ನಾನು ಎಲ್ಲೂ ಬರೆದಿರಲಿಲ್ಲವಲ್ಲ. ಆ ಮಾತು ನಿನಗೆ ಎಲ್ಲಿಂದ ಬಂತು?

ಅಕ್ಕ

---

ಶೃಂಗೇರಿ
2 ಏಪ್ರಿಲ್ 2025

ಅಕ್ಕನಿಗೆ,

ಕಿವಿ ತೋರಿಸಲು ಶಿವಮೊಗ್ಗಕ್ಕೆ ಹೋಗಿದ್ದೆ, ಉತ್ತರ ತಡವಾಯಿತು. ಎಡಗಿವಿ ಇನ್ನು ಸರಿಯಾಗುವುದಿಲ್ಲವಂತೆ.

ನೀನು ಸುಮ್ಮನೆ ಒಂದೊಂದು ಮಾತನ್ನೂ ಹಿಡಿದು ಎಳೆಯುತ್ತಿದ್ದೀಯ. ಪಾಠದ ಮಾತು ಬಾಯಿಗೆ ಬಂತು, ಬರೆದೆ. ನಲವತ್ತಾರು ವರ್ಷದ ಹಿಂದಿನ ಸಂಗತಿ. ಆಗ ಪೊಲೀಸರು ಬಂದರು, ನೋಡಿದರು, ಬರೆದುಕೊಂಡರು. ಅವರು ಬರೆದುಕೊಂಡದ್ದೇ ಸರಿ ಎಂದು ಇಟ್ಟುಕೊಳ್ಳೋಣ. ಹೆಂಡತಿಯಾದವಳು ಗಂಡನನ್ನು ಬಿಟ್ಟುಕೊಡುವುದಿಲ್ಲ, ಅದು ಸಹಜ.

ದೀಪಕ್ಕೆ ಹೆಸರು ಹಾಕುವುದು ಬೇಡವಾದರೆ ಬರೀ ದೀಪ ಎಂದೇ ಇರಲಿ. ಷಡಕ್ಷರಿ ಅದಕ್ಕೂ ಒಪ್ಪುತ್ತಾರೆ. ವಿಘ್ನೇಶ ಯುಗಾದಿ ಕಳೆಯಲೆಂದು ಕಾದಿದ್ದರು, ಇನ್ನು ಕಾಯುವುದಿಲ್ಲವಂತೆ. ದಯವಿಟ್ಟು ಬಂದು ಸಹಿ ಹಾಕು.

ಗಂಗಾಧರ

---

ಹರಿಹರಪುರ
11 ಏಪ್ರಿಲ್ 2025

ಗಂಗಾಧರ,

"ಇಟ್ಟುಕೊಳ್ಳೋಣ" ಎಂದು ಬರೆದಿದ್ದೀಯ. ಇತಿಹಾಸದ ಮೇಷ್ಟ್ರು ಆಡುವ ಮಾತಾ ಅದು?

ನನಗೆ ಒಂದೇ ಒಂದು ಸಂಗತಿ ಬೇಕು. ಆ ದಿನ ಬೂತಪ್ಪ ಕುಡಿದಿದ್ದನೋ ಇಲ್ಲವೋ. ಹೌದು ಎಂದಾದರೆ ಹೌದು ಎಂದು ಬರೆ. ಮರುದಿನವೇ ಕೊಪ್ಪಕ್ಕೆ ಬಂದು ಸಹಿ ಹಾಕುತ್ತೇನೆ. ಅಲ್ಲಿಯವರೆಗೆ ಷಡಕ್ಷರಿಯನ್ನು ನನ್ನ ಮನೆಗೆ ಕಳಿಸಬೇಡ.

ನಿನ್ನ ಬಾಲ್ಯದಲ್ಲಿ ಸುಳ್ಳು ಹೇಳುವಾಗ ನೀನು ಬಹಳ ಮಾತಾಡುತ್ತಿದ್ದೆ. ನಿಜ ಇದ್ದರೆ ಎರಡೇ ಮಾತು.

ಮಾಲತಿ

---

ಶೃಂಗೇರಿ
3 ಜುಲೈ 2025

ಅಕ್ಕಾ,

ಏಪ್ರಿಲ್‌ನಿಂದ ಇಲ್ಲಿಯವರೆಗೆ ಎಂಟು ಸಲ ಬರೆದು ಹರಿದಿದ್ದೇನೆ. ಅನ್ನಪೂರ್ಣೇಶ್ವರಿ ಕಸದಬುಟ್ಟಿ ನೋಡಿ, ಯಾರಿಗೆ ಇಷ್ಟು ಬರೀತೀರಿ ಎಂದು ಕೇಳಿದಳು. ಅವಳಿಗೂ ಇವತ್ತು ಹೇಳಿದೆ.

ಬೂತಪ್ಪ ಕುಡಿದಿರಲಿಲ್ಲ.

ನನಗಾಗ ಹದಿನೇಳು. ಕಾಲೇಜಿಗೆ ರಜೆ ಇತ್ತು. ನಾಲ್ಕು ದಿನ ಬಿಡದೆ ಹೊಯ್ದ ಮಳೆ ಆ ಬೆಳಿಗ್ಗೆ ಸ್ವಲ್ಪ ಬಿಟ್ಟಿತ್ತು. ಪಕ್ಕದ ತೋಟಕ್ಕೆ ಕೊಳೆರೋಗ ಬಂದಿತ್ತು, ನಮ್ಮದಕ್ಕೆ ಔಷಧಿ ಹೊಡೆದು ಆಗಿರಲಿಲ್ಲ. ಬೂತಪ್ಪ ಒಂದು ಮರ ಮುಟ್ಟಿ ನೋಡಿ, "ಸಣ್ಣಯ್ಯ, ಮರ ಜಾರ್ತದೆ. ಒಂದು ಬಿಸ್ಲು ಬೀಳ್ಲಿ, ಆಮೇಲೆ ಹತ್ತುವ" ಎಂದ. ನಾನು ಹೋಗಿ ಅಪ್ಪಯ್ಯನಿಗೆ ಹೇಳಿದೆ. "ಕೊಳೆ ಬಂದ್ರೆ ಅವನಪ್ಪ ತೋಟ ಕೊಡ್ತಾನಾ? ಹತ್ತು ಅನ್ನು" ಎಂದರು. ಬಂದು, "ಹತ್ತಬೇಕಂತೆ" ಎಂದೆ. ಅವನು ನಕ್ಕ. ಕಾಲಿಗೆ ಹಗ್ಗದ ತಳೆ ಸಿಕ್ಕಿಸಿಕೊಂಡು ಹತ್ತಿದ. ನಾನು ಕೆಳಗೆ ನಿಂತು ಔಷಧಿಯ ಪಂಪು ಒತ್ತುತ್ತಿದ್ದೆ.

ಮೂರನೆಯ ಮರದಲ್ಲಿ ಜಾರಿದ. ಕೂಗಲೂ ಇಲ್ಲ. ನಾನು ಪಂಪು ಒತ್ತುತ್ತಲೇ ಇದ್ದೆ, ಏಕೆಂದರೆ ಏನಾಯಿತೆಂದು ನನಗೆ ಅರ್ಥವೇ ಆಗಿರಲಿಲ್ಲ. ಅವನ ಅಂಗೈ ತುಂಬ ಔಷಧಿಯ ನೀಲಿ ಇತ್ತು.

ಅಪ್ಪಯ್ಯ ಓಡಿ ಬಂದರು. ಮೂಗಿನ ಹತ್ತಿರ ಕೈ ಇಟ್ಟು ನೋಡಿದರು. ಅವರ ಮುಖದಲ್ಲಿ ಹೆದರಿಕೆ ಕಂಡದ್ದು ಅದೊಂದೇ ಸಲ. ಮನೆಗೆ ಹೋಗಿ, ಶೀತಕ್ಕೆಂದು ಇಟ್ಟಿದ್ದ ಬ್ರಾಂದಿ ಬಾಟಲಿ ತಂದು ನನ್ನ ಕೈಗೆ ಕೊಟ್ಟರು. "ಬಾಯಿಗೆ ಸ್ವಲ್ಪ, ಅಂಗಿಗೆ ಸ್ವಲ್ಪ" ಎಂದರು. ಮಗುವಿಗೆ ಔಷಧಿ ಕೊಡಲು ಹೇಳಿದ ಹಾಗೆ. ತಾವು ಸುರಿಯಲಿಲ್ಲ ಅಕ್ಕಾ. ನಾನು ಸುರಿದೆ.

ತಲೆ ಎತ್ತಿದಾಗ ಅಮ್ಮ ಹಿಂಬಾಗಿಲಲ್ಲಿ ನಿಂತಿದ್ದಳು. ಬಿದ್ದವನಿಗೆ ಕುಡಿಸಲು ಚೊಂಬಿನಲ್ಲಿ ನೀರು ತಂದಿದ್ದಳು. ನನ್ನನ್ನು ನೋಡಿದಳು, ಬಾಟಲಿಯನ್ನು ನೋಡಿದಳು, ನೀರನ್ನು ಹಾಗೇ ಒಳಗೆ ತೆಗೆದುಕೊಂಡು ಹೋದಳು. ಅವಳು ಸಾಯುವವರೆಗೂ ನಾವಿಬ್ಬರೂ ಈ ಬಗ್ಗೆ ಒಂದು ಮಾತೂ ಆಡಲಿಲ್ಲ.

ಪೊಲೀಸರು ಕೇಳಿದಾಗ, ಬೆಳಿಗ್ಗೆಯೇ ವಾಸನೆ ಬರುತ್ತಿತ್ತು ಎಂದು ಹೇಳಿದೆ. ಕೆಳಗೆ ಸಹಿ ಹಾಕಿದೆ. ಅದು ನನ್ನ ಮೊದಲ ಸಹಿ. ಇಂಗ್ಲಿಷಿನಲ್ಲಿ ಹಾಕಿದೆ.

ಆಮೇಲೆ ಭೈರಮ್ಮ ಬಂದಳು, ಕಂಕುಳಲ್ಲಿ ಎರಡು ವರ್ಷದ ಕೂಸು. ನಾನು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ನೀನು ಎರಡು ಮಾತು ಕೇಳಿದ್ದೆ. ನಾನು ಮತ್ತೆ ಬಹಳ ಬರೆದೆ. ಆದರೆ ಇದು ನಿಜ.

ಗಂಗಾಧರ

---

ಹರಿಹರಪುರ
12 ಜುಲೈ 2025

ಗಂಗಾಧರ,

ನಿನ್ನ ಕಾಗದ ಓದಿ ಮಡಿಸಿ ಇಟ್ಟೆ. ಮೂರು ದಿನ ಅದರ ಹತ್ತಿರ ಹೋಗಲಿಲ್ಲ.

ಅಮ್ಮ ಪ್ರತಿ ದೀಪಾವಳಿಗೆ ನಾರ್ವೆಗೆ ಸೀರೆ ಕಳಿಸುತ್ತಿದ್ದಳು, ನೆನಪಿದೆಯಾ? ಒಂದು ವರ್ಷವೂ ತಪ್ಪಿಸಲಿಲ್ಲ. ಎಷ್ಟು ದೊಡ್ಡ ಮನಸ್ಸು ಎಂದು ನಾನು ಮಕ್ಕಳಿಗೆ ಹೇಳಿಕೊಂಡು ತಿರುಗಿದ್ದೇನೆ. ಈಗ ಅವಳ ಮೇಲೆ ಬರುವ ಸಿಟ್ಟನ್ನು ಎಲ್ಲಿ ಇಡಲಿ? ಸತ್ತವಳ ಹತ್ತಿರ ಜಗಳ ಆಡುವುದಕ್ಕಾಗುತ್ತದಾ? ನಲವತ್ತಾರು ಸೀರೆ ಕೊಡುವ ಬದಲು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಾರದೆ ದೀಪವನ್ನು ನಮ್ಮ ಮೇಲೆ ಹೊರಿಸಿ ಹೋದಳು.

ನಿನಗೆ ಹದಿನೇಳು. ಅಪ್ಪಯ್ಯನ ಎದುರು ಉಸಿರೆತ್ತಲು ನನಗೂ ಧೈರ್ಯ ಇರಲಿಲ್ಲ, ಹಾಗಾಗಿ ಆ ಹುಡುಗನನ್ನು ನಾನು ಬೈಯುವುದಿಲ್ಲ. ಆದರೆ ನಾನು ಬೈಯದಿದ್ದರೆ ನಿನಗೇನು ಸಿಕ್ಕ ಹಾಗಾಯಿತು? ನೀನು ಹೋಗಬೇಕಾದದ್ದು ನಾರ್ವೆಗೆ. ಶೃಂಗೇರಿಯಿಂದ ಎಷ್ಟು ಹೊತ್ತಿನ ದಾರಿ ಅದು?

ನಾನು ಜೊತೆಗೆ ಬರುವುದಿಲ್ಲ. ಬಂದರೆ ನೀನು ನನ್ನ ಹಿಂದೆ ನಿಲ್ಲುತ್ತೀಯ.

ಗದ್ದೆಯನ್ನು ಮಾರುವುದು ಬೇಡ. ನಾವಿಬ್ಬರೂ ಒಪ್ಪಿದರೆ ಅದನ್ನು ಭೈರಮ್ಮನ ಹೆಸರಿಗೇ ಮಾಡಿಕೊಡುವ ದಾರಿ ಇದೆ ಎಂದು ವಕೀಲರು ಹೇಳುತ್ತಾರೆ. ಷಡಕ್ಷರಿ ಬಂದು, "ದೇವ್ರಿಗೆ ಬರ್ದಿದ್ದನ್ನ ತಪ್ಪಿಸ್ಬಾರ್ದು ಮಾಲತಮ್ಮ, ಹಳೇದೆಲ್ಲ ಎಂತಕ್ಕೆ ಕೆದ್ಕೋದು" ಎಂದರು. ದೇವರು ಬಂದು ಕೇಳಲಿ, ಉತ್ತರ ಕೊಡುತ್ತೇನೆ ಎಂದು ಕಳಿಸಿದೆ.

ಮಳೆ ಜೋರಾಗಿದೆ, ಹರಿಹರಪುರದಲ್ಲಿ ಮೂರು ದಿನದಿಂದ ಕರೆಂಟಿಲ್ಲ. ಮಳೆ ಬಿಡಲಿ ಎಂದು ನೀನು ಕಾಯಬೇಡ.

ಅಕ್ಕ

---

ಶೃಂಗೇರಿ
18 ಆಗಸ್ಟ್ 2025

ಅಕ್ಕಾ,

ಹೋಗಿ ಬಂದೆ. ತಿಂಗಳ ಮೇಲಾಯಿತು ನೀನು ಬರೆದು. ಎರಡು ಸಲ ಕೊಪ್ಪದವರೆಗೆ ಹೋಗಿ ವಾಪಸು ಬಂದಿದ್ದೆ. ಮೂರನೆಯ ಸಲ ನಾರ್ವೆಯಲ್ಲಿ ಇಳಿದೆ.

ಭಾನುವಾರವಾದ್ದರಿಂದ ಸುಂದರೇಶನೂ ಇದ್ದ. ಬಾಗಿಲಲ್ಲಿ ನಿಂತವನು ಯಾರೆಂದು ಭೈರಮ್ಮನಿಗೆ ಗೊತ್ತಾಗಲಿಲ್ಲ. ಹೆಸರು ಹೇಳಿದೆ. "ಸಣ್ಣಯ್ಯಾ? ಎಂತ ಇಷ್ಟು ಮುದುಕ್ರಾಗಿದ್ದೀರಿ" ಎಂದಳು. ಕುರ್ಚಿ ತರಿಸಿದಳು. ನಾನು ಕೂರಲಿಲ್ಲ. ಕೂತರೆ ಬೇರೆ ಮಾತು ಶುರುವಾಗುತ್ತದೆ ಎಂದು ನನಗೆ ಗೊತ್ತಿತ್ತು. ನಿನಗೆ ಬರೆದದ್ದನ್ನೆಲ್ಲ ನಿಂತೇ ಹೇಳಿದೆ, ಮರ ಜಾರುತ್ತದೆ ಎಂದು ಅವನು ಹೇಳಿದ್ದು, ನಾನು ಹೋಗಿ ಬಂದದ್ದು, ಅವನು ನಕ್ಕದ್ದು. ಬಾಟಲಿಯ ಸಂಗತಿಯನ್ನೂ.

ಬೈಯುತ್ತಾಳೆ, ಅಳುತ್ತಾಳೆ ಎಂದು ಎಣಿಸಿದ್ದೆ. ಅವಳು ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ನನಗೆ ಕೇಳಲಿಲ್ಲ. ದೀಪಶ್ರೀ ನನ್ನ ಬಲಗಿವಿಯ ಹತ್ತಿರ ಬಂದು, "ಅಜ್ಜಿ ಅವತ್ತು ಮೂಸಿ ನೋಡಿದ್ರಂತೆ" ಎಂದಳು.

ಅವಳು ಮೂಸಿ ನೋಡಿದ್ದಳು ಅಕ್ಕಾ. ಹೆಣದ ಮೇಲೆ ಬಿದ್ದು ಅಳುವಾಗ ಬಾಯಿಂದ ವಾಸನೆ ಬಂತಂತೆ. ಊರವರು ಹೇಳಿದ್ದನ್ನು ಅವಳು ನಂಬಿರಲಿಲ್ಲ, ತನ್ನ ಮೂಗನ್ನು ನಂಬಿದಳು. ಆಣೆ ಹಾಕಿ ನನಗೆ ಮೋಸ ಮಾಡಿದರು, ಕೂಸನ್ನು ನನ್ನ ಕೈಯಲ್ಲಿ ಬಿಟ್ಟು ಕುಡಿದು ಸತ್ತರು ಎಂದುಕೊಂಡೇ ಇಷ್ಟು ವರ್ಷ ಬದುಕಿದ್ದಾಳೆ. ಅವನ ಪರವಾಗಿ ಊರಿನ ಹತ್ತಿರ ಜಗಳ ಆಡಿದಳು, ಮನಸ್ಸಿನೊಳಗೆ ಅವನ ಹತ್ತಿರ ಆಡಿದಳು. ನಾನು ಪೊಲೀಸರಿಗೆ, ಊರಿಗೆ ಸುಳ್ಳು ಹೇಳಿದೆ ಎಂದುಕೊಂಡಿದ್ದೆ. ಆ ಗಂಡಹೆಂಡಿರ ನಡುವೆಯೇ ಅದನ್ನು ಸುರಿದಿದ್ದೆ ಎಂದು ಅವತ್ತು ಗೊತ್ತಾಯಿತು.

ಆಮೇಲೆ ಅವಳು ಒಂದು ಪ್ರಶ್ನೆ ಕೇಳಿದಳು. ಮೊದಲ ಸಲ ಕೇಳಿಸಲಿಲ್ಲ. ಎರಡನೆಯ ಸಲ ಅರ್ಧ ಕೇಳಿಸಿತು. ಮೂರನೆಯ ಸಲ ಎದ್ದು ನಿಂತು ಕೂಗಿದಳು, ಪಕ್ಕದ ಮನೆಯವರು ಹೊರಗೆ ಬಂದರು.

"ದೊಡ್ಡಯ್ಯ ಹೋಗಿ ಹದ್ನೆಂಟು ವರ್ಷ ಆಯ್ತಲ್ಲ. ಆಮೇಲೆ ಯಾರಿಗ್ ಹೆದ್ರಿದ್ರಿ?"

ಅಮ್ಮ ಇದ್ದಳು ಎನ್ನಬಹುದಿತ್ತು. ಅದು ನಿಜವಲ್ಲ. ಯಾರಿಗೂ ಹೆದರಿರಲಿಲ್ಲ. "ಅಭ್ಯಾಸ ಆಗಿತ್ತು" ಎಂದೆ. ನನ್ನ ಬಾಯಿಂದ ಬಂದದ್ದು ಅದೇ. ಅವಳು ಒಳಗೆ ಹೋದಳು, ಮತ್ತೆ ಬರಲಿಲ್ಲ.

ದಾನಪತ್ರದ ಕರಡನ್ನು ಸುಂದರೇಶನ ಕೈಗೆ ಕೊಟ್ಟೆ. ಅವನು ಬಸ್‌ಸ್ಟಾಪಿನವರೆಗೆ ಬಂದ, ಛತ್ರಿ ಹಿಡಿದ. ಬಸ್ಸು ಬಂದಾಗ, "ಇದ್ನ ಕಡಹಿನಬೈಲಲ್ಲೂ ಹೇಳ್ತೀರಾ?" ಎಂದು ಕೇಳಿದ.

ನಿನ್ನೆ ಹೇಳಿದೆ. ಗುಡಿಯಲ್ಲಿ ಶ್ರಾವಣದ ಪೂಜೆ ಮುಗಿದು ಎಲ್ಲರೂ ಕೂತಿದ್ದಾಗ, ಷಡಕ್ಷರಿ ಬೇಡ ಬೇಡ ಎಂದು ಕೈ ಆಡಿಸುತ್ತಿದ್ದರೂ, ಎದ್ದು ನಿಂತು ಹೇಳಿದೆ. ಬೂತಪ್ಪ ಕುಡಿದಿರಲಿಲ್ಲ, ಸತ್ತ ಮೇಲೆ ನಾನು ಸುರಿದೆ ಎಂದು. ಜನ ಏನೇನೋ ಅಂದರು, ಬಾಯಿ ಆಡುವುದು ಕಂಡಿತು. ನನಗೆ ಯಾವುದೂ ಕೇಳಿಸಲಿಲ್ಲ.

ಹಗುರಾಗುತ್ತದೆ ಎನ್ನುತ್ತಾರೆ. ನನಗೇನೂ ಹಾಗೆ ಆಗಿಲ್ಲ.

ಗಂಗಾಧರ

---

ನಾರ್ವೆ
24 ಸೆಪ್ಟೆಂಬರ್ 2025

ಗಂಗಾಧರಯ್ಯನವರಿಗೆ ಸುಂದರೇಶ್ ಮಾಡುವ ನಮಸ್ಕಾರಗಳು.

ನನ್ನ ಅಕ್ಷರ ಚೆನ್ನಾಗಿಲ್ಲ. ನಾನು ಹೇಳುತ್ತಿದ್ದೇನೆ, ಮಗಳು ದೀಪಶ್ರೀ ಬರೆಯುತ್ತಿದ್ದಾಳೆ. ತಪ್ಪಿದ್ದರೆ ನನ್ನದು.

ನೀವು ಗುಡಿಯಲ್ಲಿ ಹೇಳಿದ್ದು ನಮಗೆ ಎರಡೇ ದಿನದಲ್ಲಿ ಮುಟ್ಟಿತು. ಕಡಹಿನಬೈಲಿನಿಂದ ಇಬ್ಬರು ಹಿರಿಯರು ಬಂದು, ನಮಗೆ ಆಗಲೇ ಅನುಮಾನ ಇತ್ತು ಎಂದು ಅವ್ವನಿಗೆ ಹೇಳಿದರು. ಅವ್ವ ಅವರಿಗೆ ನೀರು ಕೊಟ್ಟು ಕಳಿಸಿದಳು. ಅನುಮಾನ ಇದ್ದವರು ನನ್ನ ಶಾಲೆಯ ದಿನಗಳಲ್ಲಿ ಎಲ್ಲಿದ್ದರು ಎಂದು ನಾನೂ ಕೇಳಲಿಲ್ಲ.

ಗದ್ದೆಯ ವಿಷಯ. ಅವ್ವ ಬೇಕು ಎಂದೂ ಹೇಳಿಲ್ಲ, ಬೇಡ ಎಂದೂ ಹೇಳಿಲ್ಲ. ನಾನು ತೆಗೆದುಕೊಳ್ಳುತ್ತೇನೆ. ನನಗೆ ಮಗಳಿದ್ದಾಳೆ, ನನಗೆ ರೋಷ ತೋರಿಸುವ ಸ್ಥಿತಿ ಇಲ್ಲ. ಆದರೆ ನೀವು ಕೊಟ್ಟ ಕರಡನ್ನು ದೀಪಶ್ರೀ ಓದಿ ಹೇಳಿದಳು. ಅದರಲ್ಲಿ "ಪ್ರೀತಿ ವಿಶ್ವಾಸದಿಂದ ದಾನವಾಗಿ ಕೊಟ್ಟಿದ್ದೇವೆ" ಎಂದು ಇದೆ. ಇಂಥ ಪತ್ರಗಳಲ್ಲಿ ಹಾಗೇ ಬರೆಯುವುದು ಎಂದು ಮಾಲತಮ್ಮನವರು ಫೋನಿನಲ್ಲಿ ತಿಳಿಸಿದರು. ಇರಬಹುದು. ಆ ಮಾತನ್ನು ತೆಗೆಸಿ. ಬದಲಿಗೆ ಆದದ್ದನ್ನು ಬರೆಸಿ. ಮರ ಜಾರುತ್ತದೆ ಎಂದು ಬೂತಪ್ಪ ಹೇಳಿದ್ದ, ಆದರೂ ಹತ್ತಿಸಿದರು, ಬಿದ್ದು ಸತ್ತ, ಕುಡಿದಿರಲಿಲ್ಲ, ಕುಡಿದಿದ್ದ ಎಂದದ್ದು ಸುಳ್ಳು. ಇಷ್ಟು ಸಾಕು. ನಿಮ್ಮ ಹೆಸರು, ನಿಮ್ಮ ತಂದೆಯವರ ಹೆಸರು ಅದರಲ್ಲಿ ಇರಬೇಕು. ಅದಕ್ಕೆ ನೀವು ಕನ್ನಡದಲ್ಲಿ ಸಹಿ ಹಾಕಬೇಕು, ನಮ್ಮ ಅವ್ವನಿಗೆ ಓದಿ ಹೇಳಬೇಕು. ವಕೀಲರು ಒಪ್ಪದಿದ್ದರೆ ಬೇರೆ ವಕೀಲರನ್ನು ನೋಡಿ.

ಅವ್ವ ನಿಮಗೆ ಏನೂ ಹೇಳಿ ಕಳಿಸಿಲ್ಲ. ಕ್ಷಮಿಸಿದ್ದೇನೆ ಎಂದು ಹೇಳಿಲ್ಲ. ನೀವು ಕೇಳಲಿಲ್ಲ, ಅದು ಒಳ್ಳೆಯದಾಯಿತು.

ಇನ್ನೊಂದು ಸಂಗತಿ. ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ನಿಮಗೆ ಗೊತ್ತಿರಬೇಕು ಅನ್ನಿಸಿತು.

ಮೊನ್ನೆ ಭಾನುವಾರ ಮಹಾಲಯ ಅಮಾವಾಸ್ಯೆ. ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಕೊಂಡವರಿಗೆ ಏನು ಇಷ್ಟವಿತ್ತೋ ಅದನ್ನು ಮಾಡಿ, ಎಲೆ ಹಾಕಿ ಬಡಿಸಿ, ಬಾಗಿಲು ಮುಂದೆ ಮಾಡಿ ಸ್ವಲ್ಪ ಹೊತ್ತು ಹೊರಗೆ ಕೂರುವುದು. ನಮ್ಮ ಮನೆಯಲ್ಲಿ ಅಜ್ಜನಿಗೆ ಇಡುತ್ತಿದ್ದರು, ಅಜ್ಜಿಗೆ ಇಡುತ್ತಿದ್ದರು. ಅಪ್ಪನಿಗೆ ಇಡುತ್ತಿರಲಿಲ್ಲ. ಚಿಕ್ಕವನಿದ್ದಾಗ ನಾನು ಕೇಳಿದ್ದೆ. "ಆಣೆ ಮುರ್ದೋರಿಗೆ ಇಲ್ಲ" ಎಂದು ಅವ್ವ ಹೇಳಿದ್ದಳು. ಮತ್ತೆ ಕೇಳಲು ಧೈರ್ಯ ಬರಲಿಲ್ಲ. ನಲವತ್ತೈದು ಅಮಾವಾಸ್ಯೆ ಹಾಗೇ ಹೋದವು.

ಈ ಸಲ ಅವ್ವ ಬೆಳಿಗ್ಗೆ ಬೇಗ ಎದ್ದು ಕಡುಬು ಮಾಡಿದಳು. ಏಡಿ ಸಾರು ಮಾಡಿದಳು. ಅಪ್ಪನಿಗೆ ಏಡಿ ಇಷ್ಟ ಎಂದು ನನಗೆ ಅವತ್ತೇ ಗೊತ್ತಾಗಿದ್ದು. ಬೇರೆಯಾಗಿ ಒಂದು ಎಲೆ ಹಾಕಿ ಬಡಿಸಿದಳು. ನಾವು ಹೊರಗೆ ಬಂದೆವು, ಅವಳು ಬರಲಿಲ್ಲ. ಎಲೆಯ ಎದುರು ಕೂತು ಮಾತಾಡುತ್ತಿದ್ದಳು. ನಾನು ಬಾಗಿಲ ಹತ್ತಿರ ನಿಂತೆ.

ಮೊದಲು ಬೈದಳು. "ಬಂದು ಹೇಳ್ಬಾರ್ದಿತ್ತಾ? ಕನ್ಸಲ್ಲಾದ್ರೂ ಬಂದು ನಾನ್ ಕುಡ್ದಿಲ್ಲ ಅಂತ ಒಂದ್ ಮಾತು ಹೇಳಿದ್ರೆ ನಾ ನಂಬ್ತಿರ್ಲಿಲ್ವಾ?" ಎಂದಳು. ಆಮೇಲೆ ಸಣ್ಣ ದನಿಯಲ್ಲಿ, "ಹಸ್ದಿದ್ರಾ?" ಎಂದು ಕೇಳಿದಳು.

ನಾನು ಬಾಗಿಲು ತೆಗೆದು ಒಳಗೆ ಹೋದೆ. ಅವ್ವ ಮತ್ತೆ ಬಡಿಸುತ್ತಿದ್ದಳು. ಎಲೆ ತುಂಬಿ ಸಾರು ನೆಲಕ್ಕೆ ಹರಿಯುತ್ತಿತ್ತು, ಇನ್ನೂ ಬಡಿಸುತ್ತಿದ್ದಳು. ಸಾಕು ಎಂದು ನಾನು ಹೇಳಲಿಲ್ಲ.

ಪತ್ರ ಯಾವತ್ತು ರಿಜಿಸ್ಟರ್ ಮಾಡಿಸುತ್ತೀರಿ ಎಂದು ಮುಂಚೆಯೇ ತಿಳಿಸಿ. ಎಸ್ಟೇಟಿನಲ್ಲಿ ರಜೆ ಕೇಳಬೇಕು.

ಸುಂದರೇಶ್
ತಂದೆ ಬೂತಪ್ಪ